ಸೈಟು ಯಜಮಾನರ ಹೆಸರಲ್ಲಿ, ಸಂಬಳ ನನ್ನದು. ಮನೆ ಸಾಲ ನನ್ನೊಬ್ಬಳಿಗೇ ಸಿಗುತ್ತಾ?

ಶಿರಾಗೇಟ್ ಟೀಚರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಾನು ತುಮಕೂರಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ವಯಸ್ಸು 41. ಕೈಗೆ ಬರುವ ಸಂಬಳ 58,000. ಸ್ಕೂಟರಿನ ಕಂತು 3,200 ಬಿಟ್ಟರೆ ಬೇರೆ ಸಾಲ ಇಲ್ಲ. ಶಿರಾ ಗೇಟ್ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ಜೋರು ಮಳೆ ಬಂದರೆ ಅಡುಗೆಮನೆಯಲ್ಲಿ ಎರಡು ಬಕೆಟ್ ಇಡಬೇಕು, ಓನರ್‌ಗೆ ಹೇಳಿದರೆ "ಈ ಬೇಸಿಗೆಗೆ ಮಾಡಿಸ್ತೀನಿ" ಅನ್ನುತ್ತಾರೆ. ನಾಲ್ಕು ಬೇಸಿಗೆ ಆಯಿತು.

ಹೆಗ್ಗೆರೆ ದಾಟಿ ಗುಬ್ಬಿ ರಸ್ತೆ ಕಡೆ ನಮ್ಮದೊಂದು 30-40 ಸೈಟು ಇದೆ. ನಮ್ಮ ಮಾವ ಅಡಿಕೆ ದುಡ್ಡಿನಲ್ಲಿ ಕೊಂಡಿದ್ದು. 2016ರಲ್ಲಿ ದಾನಪತ್ರ ಮಾಡಿ ನಮ್ಮ ಯಜಮಾನರ ಹೆಸರಿಗೆ ಬರೆದರು. ಮೇಸ್ತ್ರಿ ಕೊಟ್ಟ ಲೆಕ್ಕ 27 ಲಕ್ಷ. ನಮ್ಮ ಹತ್ತಿರ 5 ಲಕ್ಷ ಇದೆ. 22 ಲಕ್ಷ ಸಾಲ ಬೇಕು.

ತೊಡಕು ಇಲ್ಲಿದೆ. ಯಜಮಾನರದ್ದು ಮೊಬೈಲ್ ಅಂಗಡಿ ಇತ್ತು. 2020ರ ಲಾಕ್‌ಡೌನಿನಲ್ಲಿ ಮುಚ್ಚಿತು. ಅಂಗಡಿಗೆ ಒಂದು ಫೈನಾನ್ಸಿನಲ್ಲಿ ಸಾಲ ಮಾಡಿದ್ದರು. ಕಟ್ಟಲು ಆಗದೆ, 2022ರಲ್ಲಿ 1.9 ಲಕ್ಷ ಕೊಟ್ಟು ಸೆಟಲ್ ಮಾಡಿಕೊಂಡೆವು. ನನ್ನ ಎರಡು ಬಳೆ ಹೋದವು. ಆಗ ಎಲ್ಲರೂ "ಮುಗೀತಲ್ಲ, ನೆಮ್ಮದಿ" ಅಂದರು. ಈಗ ನೋಡಿದರೆ ಅವರ ಸಿಬಿಲ್ (ಹಳೇ ಸಾಲ ಹೇಗೆ ತೀರಿಸಿದ್ದಾರೆ ಅಂತ ನೋಡಿ ಕೊಡುವ ಸ್ಕೋರ್) 590. ರಿಪೋರ್ಟಿನಲ್ಲಿ "ಸೆಟಲ್ಡ್" ಅಂತ, ಅಂದರೆ ಪೂರ್ತಿ ಕಟ್ಟದೆ ರಾಜಿಯಾದ ಸಾಲ ಅಂತ, ಕೂತಿದೆ. ನನ್ನದು 781.

ನಾನು ಹೋದ ಬ್ಯಾಂಕಿನವರು "ಸೈಟ್ ಓನರ್ ಸಹ-ಅರ್ಜಿದಾರರಾಗಲೇಬೇಕು, ಅವರ ಸ್ಕೋರ್ ಹೀಗಿದ್ದರೆ ಆಗಲ್ಲ ಮೇಡಂ" ಅಂದರು. ಆಚೆ ಬಂದ ಮೇಲೆ ಒಬ್ಬ ಏಜೆಂಟ್ ಹಿಂದೆಯೇ ಬಂದು, "ಸರ್‌ನ ಬರೀ ಜಾಮೀನುದಾರ ಅಂತ ಹಾಕೋಣ, ಜಾಮೀನಿಗೆ ಸಿಬಿಲ್ ನೋಡಲ್ಲ" ಅಂದ.

ಸಾಲ ನನ್ನೊಬ್ಬಳ ಹೆಸರಲ್ಲೇ ಬೇಕು. ತೀರಿಸುವವಳೂ ನಾನೇ. ದಾರಿ ಇದೆಯಾ? ಗಣಿತ ನನಗೆ ಬರುತ್ತದೆ, ಕಾಗದ ಪತ್ರ ಬರುವುದಿಲ್ಲ.

ತಿಪಟೂರು ಕೊಬ್ಬರಿ:

ಮೊದಲು ಯಜಮಾನರ ಸಾಲ ಸರಿ ಮಾಡಿಸಿ ಮೇಡಂ. ಗಂಡ ಇರುವಾಗ ಹೆಂಡತಿ ಸಾಲಕ್ಕೆ ಓಡಾಡೋದು ನಮ್ಮ ಕಡೆ ಇಲ್ಲಪ್ಪ.

ಶಿರಾಗೇಟ್ ಟೀಚರ್:

ನಿಮ್ಮ ಕಡೆ ಬಕೆಟ್ ಯಾರು ಇಡುತ್ತಾರೆ ಸರ್?

ಲೆಡ್ಜರ್ ತಾತ:

ಟೀಚರಮ್ಮ, ನಾನು ಬ್ಯಾಂಕಿನಲ್ಲಿ 32 ವರ್ಷ ಇದ್ದು ನಿವೃತ್ತನಾದವನು. ಅದರಲ್ಲಿ ಜಾಸ್ತಿ ವರ್ಷ ಸಾಲದ ಮೇಜಿನ ಹಿಂದೆಯೇ ಕೂತಿದ್ದೆ. ಆ ಏಜೆಂಟ್ ಮಾತು ಮೊದಲು ಕಿವಿಯಿಂದ ತೆಗೆದುಹಾಕಿ. ಜಾಮೀನುದಾರನ ಸಿಬಿಲ್ಲೂ ನೋಡುತ್ತಾರೆ. ಸಾಲ ಅವನ ರಿಪೋರ್ಟಿನಲ್ಲೂ ಕಾಣುತ್ತದೆ. 1872ರ ಕರಾರು ಕಾಯ್ದೆ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. "ಬರೀ ಜಾಮೀನು" ಅನ್ನುವ ವಸ್ತು ಲೋಕದಲ್ಲಿ ಇಲ್ಲ.

ಈಗ ನಿಮ್ಮ ಪ್ರಶ್ನೆ. ಸಾಲ ಗಂಡ ಹೆಂಡತಿ ಇಬ್ಬರೂ ತೆಗೆದುಕೊಳ್ಳಲೇಬೇಕು ಅಂತ ಕಾನೂನು ಇಲ್ಲ. ಮದುವೆಯಾಗಿದ್ದೀರಿ ಅನ್ನುವುದಕ್ಕಾಗಿ ನಿಮ್ಮ ಯಜಮಾನರ ಸಿಬಿಲ್ ನಿಮ್ಮ ಅರ್ಜಿಗೆ ಅಂಟುವುದೂ ಇಲ್ಲ. ಇಬ್ಬರ ಸ್ಕೋರ್ ಬೇರೆ ಬೇರೆ. ನಿಮಗೆ ಅಡ್ಡ ಬಂದಿರುವುದು ಗಂಡನಲ್ಲ, ಸೈಟಿನ ಮಾಲೀಕ. ಇಬ್ಬರೂ ಒಬ್ಬರೇ ಆಗಿರುವುದು ನಿಮ್ಮ ಗ್ರಹಚಾರ, ಅಷ್ಟೇ. ಆಸ್ತಿ ಅಡ ಇಡಬೇಕಾದವನು ಮಾಲೀಕ. ಅದಕ್ಕೆ ಮಾಲೀಕರೆಲ್ಲರೂ ಸಾಲದಲ್ಲೂ ಇರಲಿ ಅಂತ ಬ್ಯಾಂಕು ಕೇಳುತ್ತದೆ. ಉಲ್ಟಾ ಹಾಗಲ್ಲ. ಸಾಲಕ್ಕೆ ಸಹಿ ಹಾಕಿದವರೆಲ್ಲ ಮಾಲೀಕರಾಗಬೇಕಿಲ್ಲ.

ನಿಮ್ಮ ಸಂಬಳ ಸಾಲುತ್ತಾ ಅಂತ ನೋಡಿದೆ. ಕೈಗೆ ಬರುವುದರಲ್ಲಿ ಅರ್ಧ ಕಂತಿಗೆ ಅಂತ ಇಟ್ಟುಕೊಳ್ಳಿ, 29,000. ಸ್ಕೂಟರ್ ಕಳೆದರೆ 25,800. ನಿಮಗೆ 60ಕ್ಕೆ ನಿವೃತ್ತಿ, ಅಂದರೆ 19 ವರ್ಷ. ಬಡ್ಡಿ ಎಂಟೂವರೆ ಅಂದುಕೊಂಡರೆ ಲಕ್ಷಕ್ಕೆ 885 ರೂಪಾಯಿ ಕಂತು. 22 ಲಕ್ಷಕ್ಕೆ 19,500 ಒಳಗೇ ಬರುತ್ತದೆ. ಎಳೆದರೆ 29 ಲಕ್ಷದವರೆಗೂ ಹೋಗಬಹುದು, ಎಳೆಯಬೇಡಿ. 30 ಲಕ್ಷದೊಳಗಿನ ಸಾಲಕ್ಕೆ ಬೆಲೆಯ ಶೇಕಡ 90ರವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ನಿಮ್ಮ 5 ಲಕ್ಷ ಸಾಕಾಗುತ್ತದೆ. ಯಜಮಾನರ ವರಮಾನದ ಕಾಗದ ಬೇಡವೇ ಬೇಡ.

ದಾರಿ ಒಂದೇ. ಯಜಮಾನರು ಸೈಟನ್ನು ನಿಮಗೆ ದಾನಪತ್ರ ಮಾಡಿಕೊಡಬೇಕು. ಪೂರ್ತಿ. ಅರ್ಧ ಕೊಟ್ಟರೆ ಉಳಿದ ಅರ್ಧಕ್ಕೆ ಅವರು ಮಾಲೀಕರಾಗಿ ಮತ್ತೆ ಅದೇ ಮೇಜಿನ ಮುಂದೆ ಬಂದು ಕೂರುತ್ತಾರೆ. ಗಂಡ ಹೆಂಡತಿ ನಡುವಿನ ದಾನಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ನಿಗದಿ ಮೊತ್ತ. ಮಾರಾಟಕ್ಕೆ ಆದಂತೆ ಬೆಲೆಯ ಮೇಲೆ ಲೆಕ್ಕ ಹಾಕುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಇಬ್ಬರು ಸಾಕ್ಷಿ ಬೇಕು.

ಆದರೆ ಅದಕ್ಕೆ ಮುಂಚೆ ಎರಡು ಕಾಗದ ಹುಡುಕಿ. ಒಂದು, ಫೈನಾನ್ಸಿನವರು ಕೊಟ್ಟ ಸೆಟಲ್‌ಮೆಂಟ್ ಪತ್ರ. ಸಾಲ ಬಾಕಿ ಇರುವಾಗಲೇ ಆಸ್ತಿಯನ್ನು ಹೆಂಡತಿ ಹೆಸರಿಗೆ ಸರಿಸಿದರೆ, ಸಾಲ ಕೊಟ್ಟವನು ಕೋರ್ಟಿಗೆ ಹೋಗಿ "ನನಗೆ ಮೋಸ ಮಾಡೋಕೆ ಬರೆದುಕೊಟ್ಟಿದ್ದಾರೆ" ಅನ್ನಬಹುದು. ನಿಮ್ಮದು ಮುಗಿದಿದೆ ಅಂದಿರಿ. ಮುಗಿದಿದೆ ಅಂತ ಕಾಗದ ಹೇಳಬೇಕು. ಎರಡು, 2016ರ ಮಾವನವರ ದಾನಪತ್ರ. ಅದನ್ನು ಪೂರ್ತಿ ಓದಿ. ಕೊನೆಯ ಪುಟದವರೆಗೆ.

ಇನ್ನೊಂದು ಮಾತು. ದಾನ ಅಂದರೆ ದಾನ. ನೋಂದಣಿಯಾಗಿ ನೀವು ಸ್ವೀಕರಿಸಿದ ಮೇಲೆ ನಾಳೆ ಮನಸ್ಸು ಬದಲಾಯಿತು ಅಂತ ವಾಪಸ್ ಕೇಳಲು ಬರುವುದಿಲ್ಲ. ಯಜಮಾನರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ.

ಆಡಿಟ್ ಆಫೀಸ್ ಹುಡುಗ:

ತಾತ ಹೇಳಿದ್ದಕ್ಕೆ ತೆರಿಗೆ ಕಡೆಯಿಂದ ಎರಡು ಮಾತು. ಮಾಲೀಕರೂ ಆಗಿರಬೇಕು, ಸಾಲವೂ ಅವರದ್ದಾಗಿರಬೇಕು, ಆಗಲೇ ರಿಯಾಯಿತಿ. ಸೈಟು ಸರ್ ಹೆಸರಲ್ಲೇ ಇದ್ದು ಕಂತು ನೀವು ಕಟ್ಟಿದ್ದರೆ ಇಬ್ಬರಿಗೂ ಏನೂ ಸಿಗುತ್ತಿರಲಿಲ್ಲ. ದಾನಪತ್ರ ಆದರೆ ನಿಮಗೆ ಸಿಗುತ್ತದೆ: ಹಳೇ ತೆರಿಗೆ ಪದ್ಧತಿಯಲ್ಲಿ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ, ಅಸಲಿಗೆ ನಿಮ್ಮ ಪಿಎಫ್, ಎಲ್‌ಐಸಿ ಎಲ್ಲ ಸೇರಿ 1.5 ಲಕ್ಷದ ಒಳಗೆ. ಹೊಸ ಪದ್ಧತಿಯಲ್ಲಿದ್ದರೆ ವಾಸದ ಮನೆ ಬಡ್ಡಿಗೆ ಏನೂ ಇಲ್ಲ. ಎರಡರಲ್ಲೂ ಲೆಕ್ಕ ಹಾಕಿ ನೋಡಿ, ನೀವೇ ಗಣಿತದ ಟೀಚರ್.

ಮುಂದೆ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟರೆ ಮಾತ್ರ ಮತ್ತೆ ಆಡಿಟರ್ ಹತ್ತಿರ ಬನ್ನಿ. ಗಂಡ ದುಡ್ಡು ತೆಗೆದುಕೊಳ್ಳದೆ ಹೆಂಡತಿಗೆ ಕೊಟ್ಟ ಆಸ್ತಿಯ ವರಮಾನ ಗಂಡನ ಲೆಕ್ಕಕ್ಕೆ ಸೇರುವ ನಿಯಮ ಇದೆ.

ಪ್ರಧಾನಮಂತ್ರಿ ಆವಾಸ್ ಬಡ್ಡಿ ಸಹಾಯಧನ ಅಂತ ಯಾರಾದರೂ ಹೇಳಿದರೆ: ಕುಟುಂಬದ ವರಮಾನ ವರ್ಷಕ್ಕೆ 9 ಲಕ್ಷದೊಳಗೆ ಇರಬೇಕು. ಕೈಗೆ 58,000 ಅಂದರೆ ಕಡಿತಕ್ಕೆ ಮುಂಚೆ ಇನ್ನೂ ಜಾಸ್ತಿ ಇರುತ್ತದೆ, ಸರ್‌ಗೆ ವರಮಾನ ಇದ್ದರೆ ಅದೂ ಸೇರುತ್ತದೆ. ಒಟ್ಟು 9 ಲಕ್ಷ ದಾಟಿದರೆ ಮರೆತುಬಿಡಿ.

ಮರಳೂರಿನವಳು:

ಟೀಚರ್, ನಾನು ಸಾಮಾನ್ಯವಾಗಿ ಬರೀ ಓದಿಕೊಂಡು ಹೋಗುವವಳು. ಇವತ್ತು ಬರೆಯಬೇಕು ಅನ್ನಿಸಿತು.

ನಮ್ಮದು ನಿಮ್ಮ ಕಥೆಯ ತಿರುವುಮುರುವು. ನಮ್ಮ ಮನೆಯವರು ಒಬ್ಬರೇ ಸಾಲ ತೆಗೆದುಕೊಂಡರು, ಮನೆಯೂ ಅವರೊಬ್ಬರ ಹೆಸರಲ್ಲಿ. ನನಗೆ ಆಗ ಕೆಲಸ ಇತ್ತು. ಆದರೂ "ನಿನಗೆ ಯಾಕೆ ಬ್ಯಾಂಕಿಗೆ ಓಡಾಟ" ಅಂದರು. ನನಗೂ ಸರಿ ಅನ್ನಿಸಿತು. ಗೃಹಪ್ರವೇಶದ ದಿನ ಬಾಗಿಲಿನ ಮೇಲೆ ಇಬ್ಬರ ಹೆಸರೂ ಕೆತ್ತಿಸಿದ್ದರು, ಹಿತ್ತಾಳೆ ಬೋರ್ಡು. ಕಾಗದದಲ್ಲಿ ಒಬ್ಬರದೇ.

2021ರಲ್ಲಿ ಅವರು ಹೋದರು. ಮನೆ ನನಗೇ ಬರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ವಿಲ್ ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ವಿಲ್ ಬರೆಯದೆ ಹೋದರೆ ಹೆಂಡತಿ, ಮಕ್ಕಳು, ಅವನ ತಾಯಿ ಎಲ್ಲರಿಗೂ ಸಮಪಾಲು. ನಾನು, ಎರಡು ಮಕ್ಕಳು, ಅತ್ತೆ. ಕಾಲು ಕಾಲು. ಅತ್ತೆ ಕೆಟ್ಟವರಲ್ಲ. ಆದರೆ ಅವರು ಇರುವುದು ನನ್ನ ಮೈದುನನ ಮನೆಯಲ್ಲಿ. ಅವನು "ಅಮ್ಮ ಸುಮ್ನೆ ಯಾಕೆ ಸಹಿ ಹಾಕಬೇಕು" ಅಂದ. ಹನ್ನೊಂದು ತಿಂಗಳು ಖಾತೆ ಬದಲಾಗಲಿಲ್ಲ. ಮಾರೋಣ ಅಂದರೆ ಮಾರುವ ಹಾಗಿಲ್ಲ. ಕಂತು ಮಾತ್ರ ತಿಂಗಳ ಐದನೇ ತಾರೀಕು ನಿಲ್ಲಲಿಲ್ಲ. ನನ್ನ ಸಂಬಳದಿಂದ ಕಟ್ಟಿದೆ. ನನ್ನದಲ್ಲದ ಸಾಲ, ಕಾಲು ಭಾಗ ಮಾತ್ರ ನನ್ನದಾದ ಮನೆ.

ಸಾಲಕ್ಕೆ ವಿಮೆ ಇರಲಿಲ್ಲ. ಸಾಲ ತೆಗೆದುಕೊಳ್ಳುವಾಗ ಬ್ಯಾಂಕಿನವರು ಕೇಳಿದ್ದರಂತೆ, ಇವರು "ದುಡ್ಡು ಹೊಡೆಯೋಕೆ ಹೇಳ್ತಾರೆ" ಅಂತ ಬೇಡ ಅಂದಿದ್ದರು.

ನಿಮ್ಮ ಮನೆಯಲ್ಲಿ ದುಡಿಯುವ ಹೆಸರು ನೀವು. ನಿಮಗೆ ಏನಾದರೂ ಆದರೆ ಯಜಮಾನರು ಆ ಸಿಬಿಲ್ ಇಟ್ಟುಕೊಂಡು ಕಂತು ಎಲ್ಲಿಂದ ತರುತ್ತಾರೆ? ಅಪಶಕುನ ಅಂತ ಬೇಜಾರು ಮಾಡಿಕೊಳ್ಳಬೇಡಿ. ನನಗೂ ಯಾರೂ ಹೇಳಿರಲಿಲ್ಲ.

ಲೆಡ್ಜರ್ ತಾತ:

ಮರಳೂರಿನ ತಾಯಿ ಹೇಳಿದ್ದು ಬ್ಯಾಂಕಿನ ಯಾವ ಬ್ರೋಷರಿನಲ್ಲೂ ಇರುವುದಿಲ್ಲ.

ವಿಮೆ ಬಗ್ಗೆ: ಬ್ಯಾಂಕು ಸಾಲದ ಜೊತೆಯಲ್ಲೇ ಒಂದು ಪಾಲಿಸಿ ಮುಂದೆ ತಳ್ಳುತ್ತದೆ. ಒಂದೇ ಸಲ ಕಟ್ಟುವ ಪ್ರೀಮಿಯಂ, ಅದನ್ನೂ ಸಾಲಕ್ಕೇ ಸೇರಿಸಿಬಿಡುತ್ತಾರೆ. ಆಮೇಲೆ ಪ್ರೀಮಿಯಮ್ಮಿಗೂ 19 ವರ್ಷ ಬಡ್ಡಿ ಕಟ್ಟುತ್ತೀರಿ. ಅದೇ ಪಾಲಿಸಿ ಕಡ್ಡಾಯ ಅಲ್ಲ. ಸಾಲದಷ್ಟು ಮೊತ್ತಕ್ಕೆ ಹೊರಗೆ ಒಂದು ಟರ್ಮ್ ಪಾಲಿಸಿ (ಅವಧಿಯೊಳಗೆ ಸತ್ತರೆ ಮಾತ್ರ ದುಡ್ಡು ಬರುವ ವಿಮೆ) ಮಾಡಿಸಿ, ವರ್ಷ ವರ್ಷ ಕಟ್ಟಿ. ವಿಮೆಯೇ ಬೇಡ ಅನ್ನಬೇಡಿ. ನಾನು ಕೆಲಸದಲ್ಲಿದ್ದಾಗ "ಬೇಡ" ಅಂದವರ ಹೆಂಡತಿಯರು ಎದುರಿನ ಕುರ್ಚಿಯಲ್ಲಿ ಕೂತಿದ್ದನ್ನು ನೋಡಿದ್ದೇನೆ.

ಶಿರಾಗೇಟ್ ಟೀಚರ್:

ಮರಳೂರಿನವರೇ, ಏನು ಬರೆಯಬೇಕೋ ತಿಳಿಯುತ್ತಿಲ್ಲ. ಎರಡು ಸಲ ಓದಿದೆ. ಆಮೇಲೆ ಯಜಮಾನರಿಗೂ ಓದಿಸಿದೆ. ಅವರು ಏನೂ ಮಾತಾಡದೆ ಹೊರಗೆ ಹೋಗಿ ಗಿಡಕ್ಕೆ ನೀರು ಹಾಕಿದರು. ರಾತ್ರಿ ಒಂಬತ್ತೂವರೆಗೆ.

ಊಟ ಆದ ಮೇಲೆ ಅವರೇ ಮಾತು ತೆಗೆದರು. ಸೈಟು ಬರೆದುಕೊಡಲು ಅವರಿಗೆ ಬೇಜಾರಿಲ್ಲ. "ಅಂಗಡಿ ಮುಚ್ಚಿದಾಗಲೇ ನನ್ನ ಹೆಸರು ಹೋಯ್ತು, ಸೈಟಿನ ಮೇಲೆ ಇಟ್ಟುಕೊಂಡು ಏನು ಮಾಡಲಿ" ಅಂದರು. ನನಗೆ ಆ ಮಾತು ಇಷ್ಟವಾಗಲಿಲ್ಲ, ಜಗಳ ಆಯಿತು, ಅದು ಬಿಡಿ.

ತಾತ ಹೇಳಿದ ಹಾಗೆ 2016ರ ದಾನಪತ್ರ ತೆಗೆದು ಓದಿದೆ. ಕೊನೆಯ ಪುಟದಲ್ಲಿ ಸಿಕ್ಕಿತು: ದಾನ ಪಡೆದವರು ತಂದೆ ತಾಯಿಯರನ್ನು ಅವರ ಜೀವಮಾನ ಪರ್ಯಂತ ನೋಡಿಕೊಳ್ಳತಕ್ಕದ್ದು. ಇದಕ್ಕೇನಾ ಓದಿ ಅಂದಿದ್ದು? ಇದು ಅಡ್ಡಿ ಆಗುತ್ತಾ?

ಇನ್ನು ಅತ್ತೆಗೆ ಹೇಳಬೇಕು. ಅದಕ್ಕೆ ಯಾವ ಕಾಯ್ದೆ ಇದೆಯೋ.

ಲೆಡ್ಜರ್ ತಾತ:

ಅದಕ್ಕೇ. 2007ರಲ್ಲಿ ಹಿರಿಯ ನಾಗರಿಕರ ಕಾಯ್ದೆ ಬಂತು. ನೋಡಿಕೊಳ್ಳಬೇಕು ಅನ್ನುವ ಷರತ್ತು ಹಾಕಿ ಆಸ್ತಿ ಕೊಟ್ಟಿದ್ದು, ಮಗ ನೋಡಿಕೊಳ್ಳದಿದ್ದರೆ, ಆ ದಾನವನ್ನು ರದ್ದು ಮಾಡಿಸಲು ಹಿರಿಯರು ಅರ್ಜಿ ಹಾಕಬಹುದು. ಬ್ಯಾಂಕಿನ ವಕೀಲರ ಕಣ್ಣು ಮೊದಲು ಬೀಳುವುದು ಆ ಸಾಲಿನ ಮೇಲೆಯೇ. ಗಾಬರಿ ಬೇಡ. ಅತ್ತೆ ಮಾವನ ಒಪ್ಪಿಗೆ ಪತ್ರ ಕೇಳಬಹುದು. ಅದಕ್ಕೇ ನಿಮ್ಮ ದಾನಪತ್ರ ಮಾಡಿಸುವ ಮುಂಚೆಯೇ ಬ್ಯಾಂಕಿನ ವಕೀಲರಿಗೆ ಹಳೇ ಪತ್ರದ ಜೆರಾಕ್ಸ್ ತೋರಿಸಿ. ನೋಂದಣಿ ಮಾಡಿಸಿಕೊಂಡು ಹೋಗಿ ಅಲ್ಲಿ ನಿಂತರೆ ಕಷ್ಟ.

ಅತ್ತೆಗೆ ಹೇಳಲು ಒಂದು ಮಾತು ಕೊಡುತ್ತೇನೆ. ಮನೆ ನಿಮ್ಮ ಹೆಸರಿಗೆ ಬಂದರೆ ಆಚೆ ಹೋಗುವುದಿಲ್ಲ. ನೀವು ವಿಲ್ ಬರೆಯದೆ ಹೋದರೂ ಮೊದಲ ಹಕ್ಕು ನಿಮ್ಮ ಮಕ್ಕಳಿಗೆ ಮತ್ತು ಅತ್ತೆಯ ಮಗನಿಗೆ, ಅಂದರೆ ನಿಮ್ಮ ಯಜಮಾನರಿಗೆ, ಸಮಪಾಲು. ನಿಮ್ಮ ತವರಿನವರು ಬರುವುದೇ ಇಲ್ಲ. ಇಷ್ಟು ಹೇಳಿದರೆ ಅರ್ಧ ಭಯ ಹೋಗುತ್ತದೆ. ಉಳಿದ ಅರ್ಧಕ್ಕೆ ಒಂದು ವಿಲ್ ಬರೆದಿಡಿ. ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು.

ಕೆಲಸದ ಸಾಲು ತಪ್ಪಿಸಬೇಡಿ. ದಾನಪತ್ರ, ಆಮೇಲೆ ಪಂಚಾಯಿತಿಯಲ್ಲಿ ನಿಮ್ಮ ಹೆಸರಿಗೆ ಇ-ಸ್ವತ್ತು ಖಾತೆ (ಪಂಚಾಯಿತಿ ಆಸ್ತಿಯ ಕಂಪ್ಯೂಟರ್ ದಾಖಲೆ). ಆಮೇಲೆ ಹೊಸ ಇಸಿ (ಋಣಭಾರ ಪ್ರಮಾಣಪತ್ರ), ಅದರಲ್ಲಿ ನಿಮ್ಮ ಹೆಸರು ಬಂದಿರಬೇಕು. ಪ್ಲಾನ್ ಪರವಾನಗಿ ಅದಾದ ಮೇಲೆ, ನಿಮ್ಮ ಹೆಸರಲ್ಲಿ. ತುಂಬಾ ಜನ ಮೊದಲೇ ಗಂಡನ ಹೆಸರಲ್ಲಿ ಪ್ಲಾನ್ ಮಾಡಿಸಿ ಆಮೇಲೆ ಎರಡನೇ ಸಲ ದುಡ್ಡು ಕಟ್ಟುತ್ತಾರೆ.

ಸಾಲ ಒಟ್ಟಿಗೆ ಕೈಗೆ ಬರುವುದಿಲ್ಲ, ಗೊತ್ತಿರಲಿ. ಪಾಯ, ಲಿಂಟಲ್, ಮೋಲ್ಡ್, ಪ್ಲಾಸ್ಟರಿಂಗ್, ಹೀಗೆ ಹಂತ ಹಂತವಾಗಿ ಬರುತ್ತದೆ. ಮೊದಲು ಹಾಕುವುದು ನಿಮ್ಮ 5 ಲಕ್ಷವೇ. ಮೇಸ್ತ್ರಿಗೆ ಇದನ್ನು ಮೊದಲೇ ಹೇಳದಿದ್ದರೆ ಲಿಂಟಲ್ ಹತ್ತಿರ ಕೆಲಸ ನಿಂತು ಅವನು ಬೇರೆ ಸೈಟಿಗೆ ಹೋಗಿರುತ್ತಾನೆ. ಸಾಲ ತೀರಿದ ದಿನದಿಂದ 30 ದಿನದಲ್ಲಿ ಮೂಲ ಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ನಿಮಗೆ ಕೊಡಬೇಕು. 2023ರ ಡಿಸೆಂಬರಿನಿಂದ ಬಂದ ನಿಯಮ. ನಮ್ಮ ಕಾಲದಲ್ಲಿ ಇರಲಿಲ್ಲ, ಪತ್ರ ಹುಡುಕುವುದೇ ಒಂದು ಇಲಾಖೆ ಆಗಿತ್ತು.

ತಿಪಟೂರು ಕೊಬ್ಬರಿ:

ಮೊದಲು ಬರೆದಿದ್ದಕ್ಕೆ ಸಾರಿ ಮೇಡಂ. ನನ್ನ ತಮ್ಮನದ್ದೂ ಇದೇ ಸೆಟಲ್ಡ್ ಕಥೆ. ಸರ್ ಸಿಬಿಲ್ ಯಾವತ್ತಿಗೂ ಹಾಗೇ ಇರಬೇಕಿಲ್ಲ. ನನ್ನ ತಮ್ಮ ಫೈನಾನ್ಸಿನವರು ಬಿಟ್ಟುಕೊಟ್ಟಿದ್ದ ಬಾಕಿಯನ್ನು ಆಮೇಲೆ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ತೆಗೆದುಕೊಂಡ. "ಸೆಟಲ್ಡ್" ಹೋಗಿ "ಕ್ಲೋಸ್ಡ್" ಆಯಿತು. ಅದಾಗಿಯೇ ಬದಲಾಗಲಿಲ್ಲ, ದೂರು ಹಾಕಬೇಕಾಯಿತು. ಈಗ ದೂರನ್ನು 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ. ಸ್ಕೋರ್ ಮೇಲೆ ಬರಲು ಟೈಮ್ ಹಿಡಿಯುತ್ತೆ. ನಿಮ್ಮ ಮನೆಗೆ ಅದನ್ನು ಕಾಯಬೇಡಿ, ಸರ್‌ಗೋಸ್ಕರ ಮಾಡಿಸಿ.

ಶಿರಾಗೇಟ್ ಟೀಚರ್:

ಕೊಬ್ಬರಿ ಸರ್, ಪರವಾಗಿಲ್ಲ. ನಿಮ್ಮ ಮಾತು ಅವರಿಗೆ ತೋರಿಸಿದೆ. ಆ ಪತ್ರದ ಫೈಲು ಅವರೇ ಹುಡುಕಿ ತೆಗೆದರು.

ಭಾನುವಾರ ಊರಿಗೆ ಹೋಗಿದ್ದೆವು. ತಾತ ಹೇಳಿಕೊಟ್ಟ ಮಾತನ್ನು ಅತ್ತೆಗೆ ಹೇಳಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋದೆ, ಪರೀಕ್ಷೆಗೆ ಹೋಗುವ ಮಕ್ಕಳ ಹಾಗೆ. ಅತ್ತೆ ಕೇಳಿದ್ದು ಒಂದೇ: "ಬಳೆ ಬಿಡಿಸ್ಕೊಂಡ್ಯಾ?" ಇಲ್ಲ ಅತ್ತೆ, ಅವು ಮಾರಿದ್ದು ಅಂದೆ. ಸುಮ್ಮನಾದರು. ಆಮೇಲೆ ಒಳಗೆ ಹೋಗಿ ಹಲಸಿನ ಹಪ್ಪಳ ಕಟ್ಟಿಕೊಟ್ಟರು. ಅದನ್ನು ಒಪ್ಪಿಗೆ ಅಂತ ತಿಳಿದುಕೊಂಡಿದ್ದೇನೆ.

ಷರತ್ತು ಹಾಕಿದ್ದು ಮಾವ. ನಾನು ಅವರ ಪತ್ರದ ಕೊನೆಯ ಪುಟ ಓದಿ ಹೇಳಿದೆ. "ನೋಡ್ಕೊಳ್ಳೋದು ಅಂದ್ರೆ ಎಲ್ಲಿ? ಪ್ಲಾನ್‌ನಲ್ಲಿ ರೂಮು ಮಹಡಿ ಮೇಲಿದೆ. ನನಗೆ ಮೆಟ್ಟಿಲು ಹತ್ತೋಕಾಗುತ್ತಾ?" ಅಂದರು. ಪ್ಲಾನ್ ಅವರು ಯಾವಾಗ ನೋಡಿದರೋ ಗೊತ್ತಿಲ್ಲ. ಕೆಳಗಡೆ ಒಂದು ರೂಮು, ಅದಕ್ಕೆ ಹೊಂದಿಕೊಂಡ ಬಚ್ಚಲು, ಕೂತುಕೊಳ್ಳುವ ಕಮೋಡು. ಅದು ಬರೆದಿದ್ದರೆ ಎಲ್ಲಿ ಬೇಕಾದರೂ ಸಹಿ ಹಾಕುತ್ತಾರಂತೆ.

ಮೇಸ್ತ್ರಿಗೆ ಫೋನ್ ಮಾಡಿದೆ. ಒಂದೂವರೆ ಲಕ್ಷ ಜಾಸ್ತಿ ಅಂದ. ಅಂದರೆ 23.5 ಲಕ್ಷ, ಲಕ್ಷಕ್ಕೆ 885, ಕಂತು 20,800 ಹತ್ತಿರ. ಈಗ ಕೊಡುವ ಬಾಡಿಗೆ 9,000 ಕಳೆದರೆ ತಿಂಗಳಿಗೆ 11,800 ಹೊಸದಾಗಿ ಹುಡುಕಬೇಕು. ಸ್ಕೂಟರ್ ಕಂತು ಮಾರ್ಚಿಗೆ ಮುಗಿಯುತ್ತದೆ. ಆಗುತ್ತದೆ.

ಪ್ಲಾನ್ ಇನ್ನೂ ಪಂಚಾಯಿತಿಗೆ ಕೊಟ್ಟಿಲ್ಲ, ಪುಣ್ಯ. ಬ್ಯಾಂಕಿನ ವಕೀಲರನ್ನು ಗುರುವಾರ ನೋಡುತ್ತೇನೆ. ತಾತ, ಮಾವನವರ ಒಪ್ಪಿಗೆ ಪತ್ರಕ್ಕೆ ಅವರೇ ತುಮಕೂರಿಗೆ ಬರಬೇಕಾ, ಇಲ್ಲ ಊರಿನಲ್ಲೇ ಸಹಿ ಮಾಡಿದರೆ ನಡೆಯುತ್ತಾ? ಅವರಿಗೆ ಬಸ್ಸು ಆಗುವುದಿಲ್ಲ.

ಲೆಡ್ಜರ್ ತಾತ:

ಒಪ್ಪಿಗೆ ಪತ್ರಕ್ಕೆ ನೋಂದಣಿ ಬೇಡ ಅಂತ ವಕೀಲರು ಅಂದರೆ ಊರಿನಲ್ಲೇ ನೋಟರಿ ಮುಂದೆ ನಡೆಯಬಹುದು. ಬೇಕೇ ಬೇಕು ಅಂದರೆ ಸಾಮಾನ್ಯವಾಗಿ ಕರೆದುಕೊಂಡು ಬರಬೇಕು. ಗುರುವಾರ ವಕೀಲರಿಗೆ ಮೊದಲು ಇದನ್ನೇ ಕೇಳಿ. ಬರಬೇಕಾದರೆ ಅದೇ ದಿನ ನಿಮ್ಮ ದಾನಪತ್ರಕ್ಕೂ ಸಮಯ ಗೊತ್ತುಮಾಡಿಸಿ. ಕಾರು ಒಂದೇ ಸಲ ಸಾಕು, ಸಾಕ್ಷಿಗೂ ಮಾವನವರೇ ಆಗುತ್ತಾರೆ. ಬರುವಾಗ ಕ್ಯಾತ್ಸಂದ್ರದ ಕಡೆಯಿಂದ ತಟ್ಟೆ ಇಡ್ಲಿ ತಿನ್ನಿಸಿಕೊಂಡು ಬನ್ನಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎಷ್ಟು ಹೊತ್ತಾಗುತ್ತದೋ ಹೇಳಲಾಗದು.